ಕಣ್ಣಿಗೆ ಬಿಟ್ಟ ಹನಿ ಕಣ್ಣಲ್ಲೇ ನಿಲ್ಲುವುದಿಲ್ಲ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದಾರೆಯೇ? ಇದ್ದರೆ, ದಿನಕ್ಕೆ ಎಷ್ಟು ಬಗೆಯ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಅವರನ್ನು ಕೇಳಿ ನೋಡಿ. ‘ಬಿ.ಪಿ.ಗೆ ಒಂದು, ಶುಗರ್‌ಗೆ ಎರಡು, ರಾತ್ರಿ ಮಲಗುವಾಗ ಇನ್ನೊಂದು’ ಎಂದು ಬೆರಳು ಮಡಚಿ ಎಣಿಸುತ್ತಾರೆ. ಕನ್ನಡಕದ ಡಬ್ಬಿಯ ಪಕ್ಕದಲ್ಲೇ ಇರುವ ಪುಟ್ಟ ಬಾಟಲಿಯನ್ನು ಮಾತ್ರ ಎಣಿಸುವುದಿಲ್ಲ. ಅದರ ಬಗ್ಗೆ ಕೇಳಿದರೆ, ‘ಅದು ಔಷಧಿ ಅಲ್ಲಪ್ಪ, ಕಣ್ಣಿಗೆ ಬಿಡೋ ಡ್ರಾಪ್ಸು’ ಎನ್ನುತ್ತಾರೆ.

ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ತೊಂದರೆಯಾಗಬಹುದು ಎಂಬುದನ್ನು ನಾನು ಕಲಿತದ್ದು ಒಬ್ಬ ನಿವೃತ್ತ ಮೇಷ್ಟ್ರಿಂದ. ಚಿಕ್ಕಂದಿನಲ್ಲಿ ಅವರಿಗೆ ಉಬ್ಬಸವಿತ್ತು. ಮಧ್ಯವಯಸ್ಸಿನಲ್ಲಿ ಅದು ಬಿಟ್ಟೇ ಹೋಗಿತ್ತು ಎನ್ನುವಷ್ಟು ಕಡಿಮೆಯಾಗಿತ್ತು. ಅರವತ್ತೆಂಟರಲ್ಲಿ ಮತ್ತೆ ಕಾಣಿಸಿಕೊಂಡಿತು. ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇ ತೆಗೆಸಿದೆ, ಇ.ಸಿ.ಜಿ. ಮಾಡಿಸಿದೆ, ಸೇದುವ ಔಷಧಿ ಬರೆದುಕೊಟ್ಟೆ. ಅದು ಹಿಂದಿನಂತೆ ಕೆಲಸ ಮಾಡಲಿಲ್ಲ. ಮನೆಗೆ ಸುಣ್ಣಬಣ್ಣ ಮಾಡಿಸಿದಿರಾ, ಬೆಕ್ಕು ಸಾಕಿದ್ದೀರಾ, ಅಗರಬತ್ತಿಯ ಹೊಗೆ ಆಗುವುದಿಲ್ಲವೇ ಎಂದೆಲ್ಲ ವಿಚಾರಿಸಿದೆ. ‘ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಮೇಷ್ಟ್ರೇ?’ ಎಂದೂ ಕೇಳಿದೆ. ‘ಏನೂ ಇಲ್ಲ ಡಾಕ್ಟ್ರೇ’ ಎಂದರು.

ಮೂರನೆಯ ಸಲ ಬಂದಾಗ ಜೊತೆಯಲ್ಲಿ ಅವರ ಸೊಸೆಯೂ ಬಂದಿದ್ದರು. ಸಂಕೋಚದಿಂದಲೇ ಆಕೆ ಹೇಳಿದರು: ‘ಮಾವನಿಗೆ ಕಣ್ಣಿಗೆ ಹನಿ ಹಾಕೋಕೆ ಶುರುಮಾಡಿದ ಮೇಲೇ ಇದು ಬಂದಿದ್ದು ಅಂತ ನನಗನ್ನಿಸುತ್ತೆ ಡಾಕ್ಟ್ರೇ. ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ.’ ಸಂಬಂಧ ಇತ್ತು. ಬಾಟಲಿ ತರಿಸಿ ನೋಡಿದೆ. ಅದು ಟಿಮೋಲಾಲ್. ಗ್ಲಾಕೋಮಾಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಒಳ್ಳೆಯ ಔಷಧಿ. ಆದರೆ ಉಬ್ಬಸ ಇರುವವರಿಗೆ ಮಾತ್ರವಲ್ಲ, ಹಿಂದೆ ಯಾವಾಗಲೋ ಇದ್ದವರಿಗೂ ಕೊಡಬಾರದ ಔಷಧಿ. ಅವರ ನೇತ್ರತಜ್ಞರಿಗೆ ಫೋನ್ ಮಾಡಿದೆ. ಅವರು ಕೂಡಲೇ ಹನಿ ಬದಲಿಸಿದರು. ಕೆಲವೇ ದಿನಗಳಲ್ಲಿ ಮೇಷ್ಟ್ರು ರಾತ್ರಿಯೆಲ್ಲ ಮಲಗಿ ನಿದ್ದೆ ಮಾಡಿದರು.

ಮೇಷ್ಟ್ರು ನನಗೆ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಹನಿ ಔಷಧಿಯೇ ಆಗಿರಲಿಲ್ಲ. ನೇತ್ರತಜ್ಞರು ಬಿ.ಪಿ., ಶುಗರ್ ಕೇಳಿದ್ದರು. ಚಿಕ್ಕಂದಿನ ಉಬ್ಬಸಕ್ಕೂ ಕಣ್ಣಿಗೂ ಏನು ಸಂಬಂಧವೆಂದು ಮೇಷ್ಟ್ರು ಸುಮ್ಮನಿದ್ದರು. ನಾನು ‘ಔಷಧಿ’ ಎಂದು ಕೇಳಿದೆ, ‘ಕಣ್ಣಿನ ಹನಿ’ ಎಂದು ಕೇಳಲಿಲ್ಲ. ಮೂವರಲ್ಲಿ ಯಾರೂ ಕೇಡು ಬಗೆದವರಲ್ಲ. ಆದರೂ ಒಬ್ಬ ಮನುಷ್ಯ ವಾರಗಟ್ಟಲೆ ಉಸಿರಿಗಾಗಿ ಒದ್ದಾಡಿದ್ದು ನಿಜ.

ಹನಿ ಹಿಡಿಯುವ ದಾರಿ

ಅಳುವಾಗ ಮೂಗು ಏಕೆ ಸೋರುತ್ತದೆ ಎಂದು ಯೋಚಿಸಿದ್ದೀರಾ? ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳವಿದೆ. ಕಣ್ಣೀರು ಆ ದಾರಿಯಲ್ಲೇ ಇಳಿಯುತ್ತದೆ. ಬಾಟಲಿಯಿಂದ ಬೀಳುವ ಇಡೀ ಹನಿಯನ್ನು ಹಿಡಿದಿಟ್ಟುಕೊಳ್ಳುವಷ್ಟು ಜಾಗ ನಮ್ಮ ಕಣ್ಣಿನಲ್ಲಿಲ್ಲ. ಒಂದಿಷ್ಟು ಕೆನ್ನೆಯ ಮೇಲೆ ಹರಿಯುತ್ತದೆ, ಒಂದಿಷ್ಟು ಈ ನಾಳದ ಮೂಲಕ ಮೂಗಿಗೆ ಹೋಗುತ್ತದೆ. ಕೆಲವು ಹನಿಗಳನ್ನು ಹಾಕಿಕೊಂಡ ಸ್ವಲ್ಪ ಹೊತ್ತಿಗೆ ನಾಲಿಗೆ ಕಹಿಯಾಗುವುದು ಇದೇ ಕಾರಣದಿಂದ.

ಮೂಗಿನ ಒಳಪದರದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಅಲ್ಲಿಂದ ಔಷಧಿ ನೇರವಾಗಿ ರಕ್ತಕ್ಕೆ ಸೇರುತ್ತದೆ. ನಾವು ನುಂಗಿದ ಮಾತ್ರೆಯಾದರೋ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗಬೇಕು. ಯಕೃತ್ತು ಒಂದು ಸುಂಕದಕಟ್ಟೆ ಇದ್ದ ಹಾಗೆ. ಅಲ್ಲಿ ಔಷಧಿಯ ಒಂದು ಪಾಲು ಕಳೆದೇ ಉಳಿದದ್ದು ಮುಂದೆ ಹೋಗುತ್ತದೆ. ಮೂಗಿನ ದಾರಿಯಲ್ಲಿ ಹೋದ ಹನಿಗೆ ಈ ಸುಂಕವಿಲ್ಲ. ಆದ್ದರಿಂದಲೇ ಪ್ರಮಾಣ ತೀರ ಚಿಕ್ಕದಾದರೂ, ಅದರಲ್ಲೂ ವಯಸ್ಸಾದವರಲ್ಲಿ, ಹೃದಯ ಮತ್ತು ಶ್ವಾಸಕೋಶದ ಮೇಲೆ ಪರಿಣಾಮ ಕಾಣಿಸುತ್ತದೆ.

ಇದು ಬರೀ ಊಹೆಯಲ್ಲ. ಟಿಮೋಲಾಲ್ ಹನಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. 1985ರ ಕೊನೆಯ ವೇಳೆಗೆ ಅಲ್ಲಿ ಉಸಿರಾಟ ಮತ್ತು ಹೃದಯಕ್ಕೆ ಸಂಬಂಧಿಸಿದ 450 ಗಂಭೀರ ಪ್ರಕರಣಗಳು ಈ ಹನಿಯ ಹೆಸರಿನಲ್ಲಿ ವರದಿಯಾದವು. 32 ಸಾವುಗಳ ವರದಿಯೂ ಬಂತು. ಲಕ್ಷಾಂತರ ಜನ ಬಳಸುವ ಔಷಧಿಗೆ ಈ ಸಂಖ್ಯೆ ದೊಡ್ಡದಲ್ಲ. ಇಂದಿಗೂ ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೆ ಯಾರಿಗೆ ಕೊಡಬಾರದು ಎಂದು ತಿಳಿಯುವುದಕ್ಕೆ ಕೇಳಬೇಕಾದ ಪ್ರಶ್ನೆಗಳು ಎರಡೇ ನಿಮಿಷದವು.

ಜೀವನವಿಡೀ ಹನಿ ಏಕೆ?

ಗ್ಲಾಕೋಮಾ ಎಂದರೆ ಕಣ್ಣಿನ ಪೊರೆಯಲ್ಲ. ಪೊರೆ ಬಂದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರವೇ ಸವೆಯುತ್ತದೆ. ಹೋದ ದೃಷ್ಟಿ ಹೋದದ್ದೇ. ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟದಿಂದ ಶುರುವಾಗಿ ಕತ್ತಲೆ ನಿಧಾನವಾಗಿ ಒಳಕ್ಕೆ ಸರಿಯುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ ನಲವತ್ತು ದಾಟಿದವರ ಪೈಕಿ 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಪತ್ತೆಯಾದ ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗೆ ಈ ರೋಗವಿದೆ ಎಂಬುದೇ ಅದುವರೆಗೆ ಗೊತ್ತಿರಲಿಲ್ಲ.

ಕಣ್ಣಿನೊಳಗಿನ ಒತ್ತಡವನ್ನು ತಗ್ಗಿಸುವುದೇ ಇದಕ್ಕಿರುವ ಚಿಕಿತ್ಸೆ. ಬಹುತೇಕರಿಗೆ ಅದು ದಿನವೂ ಹಾಕಬೇಕಾದ ಹನಿ. ಹತ್ತು, ಇಪ್ಪತ್ತು ವರ್ಷ ಹಾಕುತ್ತಲೇ ಇರಬೇಕು. ಅಷ್ಟರಲ್ಲಿ ರಕ್ತದೊತ್ತಡ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಹೃದಯದ ಮಾತ್ರೆ ಸೇರುತ್ತದೆ. ಹಳೆಯ ಹನಿ, ಹೊಸ ಮಾತ್ರೆ ಒಂದೇ ದೇಹದಲ್ಲಿ ಭೇಟಿಯಾಗುತ್ತವೆ. ಬರೆದುಕೊಟ್ಟ ವೈದ್ಯರು ಮಾತ್ರ ಒಬ್ಬರನ್ನೊಬ್ಬರು ಭೇಟಿಯಾಗುವುದಿಲ್ಲ.

ಯಾವ ಹನಿಗೆ ಯಾವ ಎಚ್ಚರ?

ಟಿಮೋಲಾಲ್ ‘ಬೀಟಾ ಬ್ಲಾಕರ್’ ಎಂಬ ಗುಂಪಿಗೆ ಸೇರಿದ್ದು. ಬಿ.ಪಿ.ಗೂ ಹೃದಯಕ್ಕೂ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಅರೆತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಇವೆಲ್ಲ ಅದರ ದಾಯಾದಿಗಳು. ಬಾಯಿಗೊಂದು, ಕಣ್ಣಿಗೊಂದು ಒಟ್ಟಿಗೆ ನಡೆದರೆ ನಾಡಿ ತೀರ ನಿಧಾನವಾಗಬಹುದು. ವೆರಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ತಲೆಸುತ್ತು, ಕಣ್ಣುಕತ್ತಲೆ, ಬಚ್ಚಲಲ್ಲಿ ಬೀಳುವುದು, ಕಾರಣವಿಲ್ಲದ ಸುಸ್ತು. ಇವನ್ನೆಲ್ಲ ‘ವಯಸ್ಸಾಯಿತು’ ಎಂಬ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮುಗಿಸುವ ಮೊದಲು ನಾಡಿ ಎಣಿಸಿ ನೋಡಬೇಕು.

ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಮಾತ್ರೆಗಳು ಟಿಮೋಲಾಲನ್ನು ಯಕೃತ್ತು ಕರಗಿಸುವ ವೇಗವನ್ನು ತಗ್ಗಿಸುತ್ತವೆ. ಹಾಗಾಗಿ ಅದೇ ಒಂದು ಹನಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಸಕ್ಕರೆ ಕುಸಿದಾಗ ಎದೆ ಹೊಡೆದುಕೊಂಡು ಕೈ ನಡುಗುವುದು ದೇಹ ಕೊಡುವ ಎಚ್ಚರಿಕೆ. ಬೀಟಾ ಬ್ಲಾಕರ್ ಈ ಎಚ್ಚರಿಕೆಯನ್ನೇ ಮುಚ್ಚಿಹಾಕಬಹುದು. ಬೆವರುವುದು ಮಾತ್ರ ಉಳಿದಿರುತ್ತದೆ, ಅದನ್ನು ನಂಬಿ. ಇನ್ನು ಉಬ್ಬಸಕ್ಕೆ ಸೇದುವ ಸಾಲ್ಬ್ಯುಟಮಾಲ್‌ಗೂ ಟಿಮೋಲಾಲ್‌ಗೂ ಹಗ್ಗಜಗ್ಗಾಟ: ಒಂದು ಶ್ವಾಸನಾಳವನ್ನು ತೆರೆಯಲು ನೋಡಿದರೆ ಇನ್ನೊಂದು ಬಿಡುವುದಿಲ್ಲ. ನಮ್ಮ ಮೇಷ್ಟ್ರಿಗೆ ಆದದ್ದು ಇದೇ.

ಬ್ರಿಮೊನಿಡಿನ್ ಹನಿಯಿಂದ ಕೆಲವರಿಗೆ ಬಾಯಿ ಒಣಗುತ್ತದೆ, ತೂಕಡಿಕೆ ಬರುತ್ತದೆ. ನಿದ್ದೆಮಾತ್ರೆಯೋ ಮದ್ಯವೋ ಜೊತೆಗೂಡಿದರೆ ತೂಕಡಿಕೆ ಹೆಚ್ಚುತ್ತದೆ. ಖಿನ್ನತೆಯ ಕೆಲವು ಹಳೆಯ ಮಾತ್ರೆಗಳ ಜೊತೆಗೂ ಇದು ಹೊಂದುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗಂತೂ ಇದನ್ನು ಹಾಕಲೇಕೂಡದು. ಮಗು ಉಸಿರಾಡುವುದನ್ನೇ ನಿಧಾನಗೊಳಿಸುವಷ್ಟು ಮಂಪರು ತರಬಹುದು. ಅಜ್ಜಿಯ ಬಾಟಲಿ ಮೊಮ್ಮಗುವಿನ ಕೈಗೆ ಸಿಗದಂತೆ ಇಡಿ.

ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಹನಿಗಳು ಮತ್ತು ಅಸೆಟಜೊಲಮೈಡ್ ಮಾತ್ರೆ ಒಂದೇ ಕುಟುಂಬದವು; ಮೂರೂ ಸಲ್ಫಾ ಜಾತಿಗೆ ಸೇರಿದವು. ಸಲ್ಫಾ ಔಷಧಿಯಿಂದ ಹಿಂದೆ ಮೈಮೇಲೆ ಗಂಧೆ ಎದ್ದಿದ್ದರೆ ಮೊದಲೇ ಹೇಳಿ. ಮಾತ್ರೆಯು ದೇಹದ ಪೊಟ್ಯಾಸಿಯಂ ತಗ್ಗಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ದೊಡ್ಡ ವಿಷಯ. ಆಸ್ಪಿರಿನ್‌ನ ದೊಡ್ಡ ಪ್ರಮಾಣದೊಂದಿಗೂ ಈ ಮಾತ್ರೆ ಸೇರಬಾರದು.

ಲ್ಯಾಟನೊಪ್ರಾಸ್ಟ್, ಬಿಮ್ಯಾಟೊಪ್ರಾಸ್ಟ್, ಟ್ರಾವೊಪ್ರಾಸ್ಟ್ ಎಂಬ ಹನಿಗಳು 1990ರ ದಶಕದ ಕೊನೆಯಿಂದೀಚೆಗೆ ಬಂದವು. ದಿನಕ್ಕೆ ಒಂದೇ ಸಲ, ಸಾಮಾನ್ಯವಾಗಿ ರಾತ್ರಿ. ಕಣ್ಣು ಕೆಂಪಾಗಬಹುದು, ರೆಪ್ಪೆಕೂದಲು ಉದ್ದವಾಗಬಹುದು, ರೆಪ್ಪೆಯ ಚರ್ಮ ಕಪ್ಪಾಗಬಹುದು. ಆದರೆ ಇತರ ಔಷಧಿಗಳ ಜೊತೆ ಇವುಗಳ ಜಗಳ ಕಡಿಮೆ. ಆದ್ದರಿಂದಲೇ ಉಬ್ಬಸವೋ ಹೃದ್ರೋಗವೋ ಇರುವವರಿಗೆ ಬದಲಿ ದಾರಿ ಇದೆ. ಲೇಸರ್ ಚಿಕಿತ್ಸೆಯೂ ಇದೆ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲು ಲೇಸರ್ ಮಾಡಿಸಿಕೊಂಡವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷದ ನಂತರವೂ ಹನಿಯ ಅಗತ್ಯ ಬಿದ್ದಿರಲಿಲ್ಲ.

ಇನ್ನೊಂದು ಬಲೆ ಇದೆ. ಈಗ ಎರಡು ಔಷಧಿ ಸೇರಿಸಿದ ಬಾಟಲಿಗಳು ಬಂದಿವೆ. ಅವುಗಳ ಮುದ್ದಾದ ವ್ಯಾಪಾರನಾಮದಲ್ಲಿ ಟಿಮೋಲಾಲ್ ಎಂಬ ಪದವೇ ಇರುವುದಿಲ್ಲ. ಒಬ್ಬ ವೈದ್ಯರು ಒಂದು ಹೆಸರಿನದು, ಇನ್ನೊಬ್ಬರು ಇನ್ನೊಂದು ಹೆಸರಿನದು ಬರೆದು, ಎರಡರಲ್ಲೂ ಒಂದೇ ಔಷಧಿ ಇರುವ ಸಾಧ್ಯತೆ ಉಂಟು. ಬಾಟಲಿಯ ಮೇಲಿನ ಸಣ್ಣಕ್ಷರವನ್ನು ಮನೆಯ ಮಕ್ಕಳಿಂದ ಓದಿಸಿ.

ಎದುರು ದಿಕ್ಕಿನ ಅಪಾಯ

ಹನಿ ದೇಹಕ್ಕೆ ತೊಂದರೆ ಕೊಡುವಂತೆ, ಬೇರೆ ಔಷಧಿಗಳು ಕಣ್ಣಿಗೆ ತೊಂದರೆ ಕೊಡುವುದೂ ಇದೆ. ಮೊದಲ ಅಪರಾಧಿ ಸ್ಟೀರಾಯ್ಡ್. ಕಣ್ಣು ಕೆಂಪಾಯಿತೆಂದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಡೆಕ್ಸಾಮೆಥಸೋನ್ ಅಥವಾ ಬೀಟಾಮೆಥಸೋನ್ ಇರಬಹುದು. ತುರಿಕೆ ಒಂದೇ ದಿನದಲ್ಲಿ ಮಾಯವಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ತರುತ್ತಾರೆ. ಕೆಲವರಲ್ಲಿ ಇದರಿಂದಲೇ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಬೇಸಿಗೆ ಬಂದರೆ ಕಣ್ಣುಜ್ಜಿಕೊಳ್ಳುವ ಶಾಲಾಮಕ್ಕಳಿಗೆ ತಂದೆತಾಯಿಯರು ವರ್ಷಗಟ್ಟಲೆ ಇಂಥ ಹನಿ ಹಾಕಿ, ಕೊನೆಗೆ ಮಗುವಿಗೆ ಬೋರ್ಡ್ ಕಾಣಿಸದಾದಾಗ ಓಡಿಬರುತ್ತಾರೆ. ನುಂಗುವ, ಚರ್ಮಕ್ಕೆ ಹಚ್ಚುವ, ಸೇದುವ ಸ್ಟೀರಾಯ್ಡ್‌ಗಳೂ ದೀರ್ಘಕಾಲ ಬಳಸಿದರೆ ಕೆಲವರಲ್ಲಿ ಒತ್ತಡ ಏರಿಸಬಲ್ಲವು. ಹಾಗೆಂದು ಉಬ್ಬಸದ ಔಷಧಿ ನಿಲ್ಲಿಸಬಾರದು. ಕಣ್ಣಿನ ಒತ್ತಡ ನೋಡಿಸಿಕೊಳ್ಳುತ್ತಿರಬೇಕು.

ಎರಡನೆಯದು ಕೋನ ಕಿರಿದಾಗಿರುವ ಕಣ್ಣು. ಇಂಥವರಲ್ಲಿ ನೆಗಡಿಯ ಕೆಲವು ಮಾತ್ರೆ, ಹೊಟ್ಟೆನುಲಿತದ ಡೈಸೈಕ್ಲೊಮಿನ್, ಅಮಿಟ್ರಿಪ್ಟಿಲಿನ್ ಮುಂತಾದವು ಪಾಪೆಯನ್ನು ಅಗಲಿಸಿ ಒತ್ತಡವನ್ನು ಥಟ್ಟನೆ ಏರಿಸಬಹುದು. ಅರೆತಲೆನೋವಿಗೆ, ಅಪಸ್ಮಾರಕ್ಕೆ ಕೊಡುವ ಟೊಪಿರಮೇಟ್ ಬೇರೊಂದು ರೀತಿಯಲ್ಲಿ ಇದೇ ಕೆಲಸ ಮಾಡುತ್ತದೆ, ಎರಡು ಕಣ್ಣಿಗೂ. ಆಗ ಕಣ್ಣು ಕೆಂಪಾಗಿ ಸಹಿಸಲಾಗದ ನೋವು, ದೀಪದ ಸುತ್ತ ಬಣ್ಣದ ಬಳೆ, ತಲೆನೋವು, ವಾಂತಿ. ನಮ್ಮ ಮನೆಗಳಲ್ಲಿ ಇದಕ್ಕೆ ‘ಪಿತ್ತ’ ಎಂದು ಹೆಸರಿಟ್ಟು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ. ಒಂದೊಂದು ಗಂಟೆಯೂ ಬೆಲೆಬಾಳುವ ಹೊತ್ತು ಅದು. ಅಂಥ ರಾತ್ರಿ ಬೆಳಗಾಗುವವರೆಗೆ ಕಾಯಬೇಡಿ.

ಯಾರ ಹೊಣೆ?

‘ರೋಗಿಗಳು ಹೇಳುವುದಿಲ್ಲ’ ಎನ್ನುತ್ತೇವೆ ನಾವು ವೈದ್ಯರು. ನಿಜ. ಆದರೆ ಯಾವುದನ್ನು ಹೇಳಬೇಕೆಂದು ರೋಗಿಗೆ ಹೇಗೆ ಗೊತ್ತಾಗಬೇಕು? ಉಬ್ಬಸಕ್ಕೂ ಕಣ್ಣಿಗೂ ನಂಟಿದೆ ಎಂಬುದು ಓದಿದವರಿಗೆ ಗೊತ್ತಿರುವ ಸಂಗತಿ. ಕೇಳುವ ಹೊಣೆಯೂ ಓದಿದವರದೇ. ಕಣ್ಣಿನ ಡಾಕ್ಟರು ಎದೆಯ ಬಗ್ಗೆ ಕೇಳಬೇಕು, ಎದೆಯ ಡಾಕ್ಟರು ಕಣ್ಣಿನ ಬಗ್ಗೆ ಕೇಳಬೇಕು. ದಿನಕ್ಕೆ ನೂರು ಜನರನ್ನು ನೋಡುವ ಒತ್ತಡವಿದೆ ಎಂಬುದನ್ನು ಬಲ್ಲೆ. ನಾನೂ ಆ ಸಾಲಿನವನೇ. ಆದರೂ ‘ಹನಿ, ಮುಲಾಮು, ಸೇದುವ ಔಷಧಿ, ನಾಟಿ ಔಷಧಿ ಏನಾದರೂ ಇದೆಯೇ?’ ಎಂದು ಒಂದೇ ಉಸಿರಿನಲ್ಲಿ ಕೇಳಬಹುದು.

ಔಷಧಿಯ ಮೂಲನಾಮವನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತು. ನಮ್ಮ ಚೀಟಿಗಳನ್ನು ನೋಡಿದರೆ ಅದು ಎಷ್ಟರಮಟ್ಟಿಗೆ ಜಾರಿಯಲ್ಲಿದೆ ಎಂಬುದು ನಿಮಗೇ ತಿಳಿಯುತ್ತದೆ. ಔಷಧಿ ಅಂಗಡಿಯವರಿಗೂ ಪಾಲಿದೆ. ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಕೊಡುವುದು ಉಪಕಾರವಲ್ಲ.

ನೀವೇನು ಮಾಡಬಹುದು?

ಮೊದಲನೆಯದಾಗಿ, ಮನೆಯ ಹಿರಿಯರ ಎಲ್ಲ ಔಷಧಿಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಹನಿಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಹಲ್ಲು ಕೀಳಿಸಲು ಹೋಗುವಾಗಲೂ, ಶಸ್ತ್ರಚಿಕಿತ್ಸೆಗೆ ಹೋಗುವಾಗಲೂ ಅದು ಕೈಯಲ್ಲಿರಲಿ. ಬರೆಯಲು ಬೇಸರವಾದರೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಅವರು ಬೇಸರಪಡುವುದಿಲ್ಲ, ಪಟ್ಟರೂ ಪರವಾಗಿಲ್ಲ.

ಎರಡನೆಯದು, ಹನಿ ಹಾಕುವ ಕ್ರಮ. ಒಂದು ಸಲಕ್ಕೆ ಒಂದೇ ಹನಿ ಸಾಕು. ಹಾಕಿದ ಮೇಲೆ ಕಣ್ಣು ಮೆಲ್ಲನೆ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿಹಿಡಿಯಿರಿ. ನಾಳದ ಬಾಯಿ ಮುಚ್ಚುತ್ತದೆ. ಔಷಧಿ ಕಣ್ಣಲ್ಲಿ ಉಳಿದು ಕೆಲಸ ಮಾಡುತ್ತದೆ, ರಕ್ತಕ್ಕೆ ಹೋಗುವ ಪಾಲು ಬಹಳ ಕಡಿಮೆಯಾಗುತ್ತದೆ. ಕಾಸು ಖರ್ಚಿಲ್ಲದ ಉಪಾಯ ಇದು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಮೂರನೆಯದು, ‘ನನ್ನದು ತೆರೆದ ಕೋನದ ಗ್ಲಾಕೋಮಾವೋ, ಕಿರಿದಾದ ಕೋನದ್ದೋ?’ ಎಂದು ನೇತ್ರತಜ್ಞರನ್ನು ಕೇಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ನೆಗಡಿ ಮಾತ್ರೆಯ ಚೀಟಿಯಲ್ಲಿರುವ ಎಚ್ಚರಿಕೆ ಮುಖ್ಯವಾಗಿ ಎರಡನೆಯ ಬಗೆಯವರಿಗೆ. ಅವರಲ್ಲೂ ಲೇಸರಿನಿಂದ ಕಣ್ಣಿನೊಳಗೆ ದಾರಿ ಮಾಡಿಸಿಕೊಂಡವರಿಗೆ ಅಪಾಯ ಬಹಳ ಕಡಿಮೆ.

ನಾಲ್ಕನೆಯದು, ಹೊಸ ಹನಿ ಶುರುವಾದ ಮೇಲೆ ಕಂಡ ಯಾವ ಹೊಸ ತೊಂದರೆಯನ್ನೂ ಹೇಳಲು ಸಂಕೋಚ ಬೇಡ. ಔಷಧಿಯ ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ದೂರವಾಣಿಯೂ ಇದೆ: 1800-180-3024.

ಕೊನೆಯದಾಗಿ ಒಂದು ಕಳಕಳಿಯ ಮಾತು. ಇದನ್ನು ಓದಿ ಹೆದರಿ ಇವತ್ತು ರಾತ್ರಿಯ ಹನಿಯನ್ನು ಬಿಟ್ಟುಬಿಡಬೇಡಿ. ಹಾಗಾದರೆ ನಾನು ಬರೆದದ್ದೇ ನಿಮಗೆ ಕೇಡಾದಂತೆ. ಉಬ್ಬಸ ಹೆಚ್ಚಿದ್ದರೆ, ತಲೆಸುತ್ತಿ ಬಿದ್ದಿದ್ದರೆ, ನಾಡಿ ತೀರ ನಿಧಾನವಾಗಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಉಳಿದವರು ಹನಿಯನ್ನು ಎಂದಿನಂತೆ ಹಾಕುತ್ತಾ, ಮುಂದಿನ ಭೇಟಿಯಲ್ಲಿ ಕೇಳಿ ತಿಳಿದುಕೊಳ್ಳಿ. ಹನಿ ಬದಲಿಸಬಹುದು, ಹೋದ ದೃಷ್ಟಿಯನ್ನು ಬದಲಿಸಲಾಗದು.

ಆ ಮೇಷ್ಟ್ರು ಈಗಲೂ ಬರುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲೇ ಜೇಬಿನಿಂದ ಬಾಟಲಿ ತೆಗೆದು ನನ್ನ ಮೇಜಿನ ಮೇಲಿಡುತ್ತಾರೆ. ‘ಮೊದಲು ಇದನ್ನ ಬರ್ಕೊಳ್ಳಿ ಡಾಕ್ಟ್ರೇ, ಆಮೇಲೆ ಮಿಕ್ಕದ್ದು’ ಎನ್ನುತ್ತಾರೆ. ನಾನು ವಿಧೇಯ ವಿದ್ಯಾರ್ಥಿಯಂತೆ ಬರೆದುಕೊಳ್ಳುತ್ತೇನೆ.